ಇಬ್ಬರಿಗೆಂದು ಕೊಟ್ಟ ಮನೆ

ಆಳಂದದ ಕಚೇರಿಯ ಹಿಂದಿನ ಓಣಿಯಲ್ಲಿ ಜಗದೇವಪ್ಪನಿಗೆ ಮೂರು ಬಾಡಿಗೆ ಮನೆಗಳಿದ್ದವು. ಮನೆಗಳೆಂದರೆ ದೊಡ್ಡ ಮಾತಾಯಿತು. ಒಂದು ಪಡಸಾಲೆ, ಅದರ ಹಿಂದೆ ಒಂದು ಒಳಕೋಣೆ, ಅಡುಗೆಗೆ ಒಂದು ಮೂಲೆ, ಅಷ್ಟೇ. ಎಣ್ಣೆ ವ್ಯಾಪಾರ ಭರ್ಜರಿಯಾಗಿ ನಡೆದಿದ್ದ ಕಾಲದಲ್ಲಿ ಅವನ ಅಪ್ಪ ಎಣ್ಣೆ ಡಬ್ಬಿ, ಹಿಂಡಿ ಚೀಲ ಇಡುವುದಕ್ಕೆಂದು ತನ್ನ ಮನೆಗೆ ಹತ್ತಿಸಿ ಕಟ್ಟಿಸಿದ್ದ ಕೋಣೆಗಳವು. ಅಪ್ಪನ ಹಿಂದೆಯೇ ವ್ಯಾಪಾರವೂ ಹೋಯಿತು. ಮಗ ನಡುನಡುವೆ ಗೋಡೆ ಎಬ್ಬಿಸಿ, ಒಲೆ ಹೂಡಿಸಿ, ಬಾಗಿಲಿಗೊಂದು ಕೀಲಿ ತಂದು ಹಾಕಿ ಮಾಲಕನಾದ. ಸೊಲ್ಲಾಪುರದಿಂದ ತಂದ ಹಿತ್ತಾಳೆಯ ಕೀಲಿಗಳು. ಒಂದೊಂದಕ್ಕೂ ಎರಡು ಕೀಲಿಕೈ. ಒಂದು ಬಾಡಿಗೆಯವರ ಹತ್ತಿರ, ಇನ್ನೊಂದು ಅವನ ಉಡದಾರದಲ್ಲಿ. ನಡೆಯುವಾಗ ಮೂರೂ ಸಪ್ಪಳ ಮಾಡುತ್ತಿದ್ದವು. ಊರವರು ಅವನನ್ನು ಕೀಲಿಕೈ ಜಗದೇವಪ್ಪ ಎಂದೇ ಕರೆಯುತ್ತಿದ್ದರು.

ಮಾಲಕನಾಗುವುದು ಕೂತು ಉಣ್ಣುವ ಕೆಲಸ ಎಂದು ಜನ ತಿಳಿದಿದ್ದರು. ಅದು ಹಾಗಿರಲಿಲ್ಲ. ಮಳೆಗಾಲ ಬಂದರೆ ಮೂರು ಮಾಳಿಗೆ ಸೋರುತ್ತಿದ್ದವು, ಬೇಸಿಗೆಯಲ್ಲಿ ಒಂದೇ ಬಾವಿ ತಳ ಕಾಣುತ್ತಿತ್ತು. ಒಬ್ಬ ಶಾಲೆಯ ಮಾಸ್ತರ ನಕಾಶೆ ತೂಗುಹಾಕಲು ಹಸಿಗೋಡೆಗೆ ಮೂವತ್ತು ಗೂಟ ಬಡಿದು, ವರ್ಗವಾದಾಗ ಗೂಟ ಕಿತ್ತುಕೊಂಡು ತೂತು ಬಿಟ್ಟು ಹೋದ. ಇನ್ನೊಬ್ಬ ಪಡಸಾಲೆಯಲ್ಲಿ ಆಡು ಕಟ್ಟಿದ. ಎಲ್ಲಕ್ಕಿಂತ ಕಡೆಯದು ಉಮರ್ಗಾದ ಕಡೆಯಿಂದ ಬಂದ ಒಂದು ಸಂಸಾರ. ಬಂದಾಗ ಗಂಡ ಹೆಂಡತಿ ಇಬ್ಬರೇ ಎಂದಿದ್ದರು. ವಾರಕ್ಕೊಬ್ಬರಂತೆ ತಮ್ಮ, ತಮ್ಮನ ಹೆಂಡತಿ, ಅತ್ತೆ, ಅತ್ತೆಯ ತಂಗಿ ಎಂದು ಬರುತ್ತ ಬರುತ್ತ ಹನ್ನೊಂದು ಜನರಾದರು. ಬಾವಿಯ ಹಗ್ಗ ಎರಡು ಸಲ ಹರಿಯಿತು, ಹಿತ್ತಲ ಬಚ್ಚಲು ಕುಸಿಯಿತು, ಜಗದೇವಪ್ಪನ ಹೆಂಡತಿ ಗೌರಾಬಾಯಿಗೆ ಸ್ನಾನದ ನೀರಿಗೂ ಸರತಿ ಬಂತು. ಅವರನ್ನು ಬಿಡಿಸುವಷ್ಟರಲ್ಲಿ ಅವನ ಅರ್ಧ ತಲೆ ಬೆಳ್ಳಗಾಗಿತ್ತು. ಅವರು ಹೋದ ದಿನವೇ ಅವನು ಕಾಯಿದೆ ಮಾಡಿದ: ಗಂಡ ಹೆಂಡತಿ ಇಬ್ಬರಿಗೆ ಮಾತ್ರ ಮನೆ. ಮೂರನೆಯವರು ಒಂದು ರಾತ್ರಿಗಿಂತ ಹೆಚ್ಚು ನಿಂತರೆ ಮನೆ ಖಾಲಿ.

ಚಾಂದಪಾಶಾ ಬಂದದ್ದು ಈ ಕಾಯಿದೆಯ ಮೇಲೆ. ಯುದ್ಧ ನಡೆದಿದ್ದ ವರ್ಷಗಳು. ನಲವತ್ತೆರಡರ ಯುಗಾದಿ ಕಳೆದ ಹೊಸತು. ಕಚೇರಿಯಲ್ಲಿ ಉರ್ದು ಕಾಗದಗಳನ್ನು ನಕಲು ಮಾಡುವ ಕೆಲಸ ಅವನದು. ಮೂವತ್ತರ ಆಸುಪಾಸಿನ, ಬೆರಳ ತುದಿಗೆ ಸದಾ ಮಸಿ ಅಂಟಿದ, ಮೆತ್ತಗೆ ಮಾತಾಡುವ ಮನುಷ್ಯ. ಹೆಂಡತಿ ಖುರ್ಷಿದಬೇಗಂಗೆ ಹೊಲಿಗೆ ಬರುತ್ತಿತ್ತು. ಮಧ್ಯಾಹ್ನ ಎರಡು ತಾಸು ಒಬ್ಬ ಅಧಿಕಾರಿಯ ಮನೆಗೆ ಹೊಲಿಯಲು ಹೋಗುತ್ತಿದ್ದಳು. ಮಕ್ಕಳಿರಲಿಲ್ಲ. ಜಗದೇವಪ್ಪ ತನ್ನ ಗೋಡೆಗೆ ಹತ್ತಿದ ಮನೆಯನ್ನೇ ಅವರಿಗೆ ಕೊಟ್ಟ. ಮೂರು ವರ್ಷ ಬಿಡಿಸುವುದಿಲ್ಲ ಎಂದು ಮಾತನ್ನೂ ಕೊಟ್ಟ. ಗೌರಾಬಾಯಿ ತನ್ನ ಕೊಡದಿಂದ ಅವರ ಕೊಡಕ್ಕೆ ಮೇಲಿಂದ ನೀರು ಸುರಿಯುತ್ತಿದ್ದಳು, ಹಗ್ಗ ಮುಟ್ಟಗೊಡುತ್ತಿರಲಿಲ್ಲ. ಅದು ಆಗ ಎಲ್ಲರಿಗೂ ಸಹಜವಾಗಿ ಕಾಣುತ್ತಿದ್ದ ಸಂಗತಿ. ದಿನಕ್ಕೆ ಎರಡು ಕೊಡ. ಖುರ್ಷಿದ ಮೂರನೆಯದನ್ನು ಒಮ್ಮೆಯೂ ಕೇಳಲಿಲ್ಲ.

ಜೋಳ ತೆನೆ ಕಟ್ಟುವ ಹೊತ್ತಿಗೆ ಖಜೂರಿಯ ದೊಡ್ಡಪ್ಪ ಎಂಬ ಶೇಂಗಾ ವ್ಯಾಪಾರಿ ಜಗದೇವಪ್ಪನ ಮನೆಗೆ ಎಡತಾಕತೊಡಗಿದ. ಕಚೇರಿಗೆ ಸಮೀಪ ಚೀಲ ಇಡಲು ಅವನಿಗೊಂದು ಜಾಗ ಬೇಕಿತ್ತು, ಚಾಂದಪಾಶಾನ ಮನೆಯೇ ಬೇಕಿತ್ತು. ಚೀಲಗಳು ನೀರು ಕೇಳುವುದಿಲ್ಲ, ಗೋಡೆಗೆ ಗೂಟ ಬಡಿಯುವುದಿಲ್ಲ ಎಂದು ನಗುತ್ತಿದ್ದ. ಕೊಡುತ್ತೇನೆಂದದ್ದೂ ಎರಡು ಪಟ್ಟು. ಕೊಟ್ಟ ಮಾತು ಮುರಿಯಲು ಜಗದೇವಪ್ಪನಿಗೆ ಧೈರ್ಯವಿರಲಿಲ್ಲ. ದೊಡ್ಡಪ್ಪನಿಗೆ ಆಗುವುದಿಲ್ಲ ಎನ್ನಲೂ ಮನಸ್ಸಿರಲಿಲ್ಲ. ಏನಾದರೂ ಒಂದು ನೆವ ತಾನಾಗಿ ಸಿಕ್ಕೀತೇ ಎಂದು ಕಾಯುತ್ತಿದ್ದ. ಮುಂದೆ ಈ ಸಂಗತಿಯನ್ನು ನೆನೆದಾಗಲೆಲ್ಲ ಅವನ ಮುಖ ಮೊದಲು ಬಿಸಿಯಾಗುತ್ತಿದ್ದದ್ದು ಇಲ್ಲಿಯೇ. ಆ ದಿನ ಒಳಗೆ ಹೋಗುವ ಮೊದಲೇ ಅವನ ಮನಸ್ಸು ಒಳಗೆ ಹೋಗಿಯಾಗಿತ್ತು.

ಮಾರ್ಗಶಿರ ಮಾಸದ ಒಂದು ಮಧ್ಯಾಹ್ನ. ಗೌರಾಬಾಯಿ ಪಕ್ಕದ ಓಣಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಚಾಂದಪಾಶಾ ಕಚೇರಿಯಲ್ಲಿದ್ದ. ಖುರ್ಷಿದ ಬುರಖಾ ಹಾಕಿಕೊಂಡು, ಬಾಗಿಲಿಗೆ ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ ಹೋದದ್ದನ್ನು ಜಗದೇವಪ್ಪ ಕಟ್ಟೆಯ ಮೇಲಿಂದ ಕಂಡಿದ್ದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಹಿತ್ತಾಳೆಯ ಪಾತ್ರೆ ಬಿದ್ದು ಉರುಳಿದ ಸಪ್ಪಳ. ಆಮೇಲೆ ಕೆಮ್ಮು. ಬಾಯಿ ಒತ್ತಿಹಿಡಿದು ಕೆಮ್ಮಿದ ಹಾಗೆ, ನಾಕು ಸಲ.

ಕೀಲಿ ಹಾಕಿದ ಮನೆಯೊಳಗೆ ಯಾರಿದ್ದಾರು? ಬೆಕ್ಕು ಸಿಕ್ಕಿಕೊಂಡಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಅವನು ಎದ್ದ. ಬೆಕ್ಕು ಕೆಮ್ಮುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೂರನೆಯವರು ಸಿಕ್ಕಿದರು, ಕಾಯಿದೆ ಮುರಿಯಿತು, ಇನ್ನು ಮನೆ ದೊಡ್ಡಪ್ಪನದು, ಇದು ಅವನ ಕಾಲಿಗೆ ಓಟ ಕೊಟ್ಟ ಯೋಚನೆ. ಓಣಿಯಲ್ಲಿ ಯಾರೂ ಇಲ್ಲವೆಂದು ಆಚೀಚೆ ನೋಡಿಕೊಂಡೇ ಅವನು ಉಡದಾರದ ಕೀಲಿಕೈ ತೆಗೆದು ಕೀಲಿಗೆ ಹಾಕಿದ.

ಪಡಸಾಲೆ ಒಪ್ಪವಾಗಿತ್ತು. ಸಗಣಿಯಿಂದ ಸಾರಿಸಿದ ನೆಲ, ಸುತ್ತಿಟ್ಟ ಚಾಪೆ, ಮಾಸ್ತರ ಬಿಟ್ಟುಹೋದ ತೂತುಗಳಿಗೆಲ್ಲ ಯಾರೋ ಕೂತು ಮಣ್ಣು ಮೆತ್ತಿ ಸುಣ್ಣ ಬಳಿದಿದ್ದರು. ತಾನು ಮಾಡಿಸಬೇಕಾಗಿದ್ದ ಕೆಲಸ. ಒಳಕೋಣೆಗೆ ಹಳೆಯ ಸೀರೆಯ ಪರದೆ ಇಳಿಬಿಟ್ಟಿದ್ದರು. ಅಲ್ಲಿ ಅವನು ನಿಲ್ಲಬಹುದಿತ್ತು. ಪರದೆ ಎಂದರೆ ಏನೆಂದು, ಅದು ಆ ಮನೆತನದವರಿಗೆ ಎಂಥ ಗೆರೆಯೆಂದು ಆಳಂದದಲ್ಲಿ ಹುಟ್ಟಿ ಬೆಳೆದ ಜಗದೇವಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಪರದೆ ಎತ್ತಿದ.

ನುಲಿ ಮಂಚದ ಮೇಲೆ ಒಬ್ಬ ಮುದುಕಿ. ಒಂದು ಕೈ ನೆಲಕ್ಕೆ ಜೋತು ಬಿದ್ದಿತ್ತು. ಉರುಳಿ ಹೋದ ಲೋಟಾಕ್ಕಾಗಿ ಚಾಚಿ ಚಾಚಿ ಅರ್ಧ ದೇಹ ಮಂಚದಿಂದ ಜಾರಿತ್ತು. ಸೊಂಟದಿಂದ ಕೆಳಗೆ ಅಲುಗಾಟವಿರಲಿಲ್ಲ. ತಲೆಯ ಮೇಲೆ ಸೆರಗಿರಲಿಲ್ಲ, ಬಿಳಿಯ ತೆಳ್ಳನೆಯ ಕೂದಲು ಬಿಚ್ಚಿಹೋಗಿತ್ತು. ಅವನನ್ನು ಕಂಡೊಡನೆ ಒದ್ದಾಡಿ ಹೊದಿಕೆ ಎಳೆದು ಮುಖದ ಮೇಲೆ ಹಾಕಿಕೊಂಡಳು. ಅವನು ಗೋಡೆಯ ಕಡೆ ತಿರುಗಿ ನಿಂತ. ತಿರುಗುವುದಕ್ಕೆ ಆಗಲೇ ಹೊತ್ತಾಗಿತ್ತು.

ಹೊದಿಕೆಯೊಳಗಿನಿಂದ ದನಿ ಬಂತು. "ಸಾವ್ಕಾರ್ರು ಏನ್ರಿ?"

ಜಗದೇವಪ್ಪ ಪರದೆಯ ಕಡೆ ಒಂದು ಹೆಜ್ಜೆ ಇಟ್ಟ.

"ನಿಮ್ಮ ಹೆಜ್ಜಿ ಗೊತ್ತದ ನನಗ. ದಿನಾ ಗ್ವಾಡಿ ಆಕಡಿ ಕೇಳ್ತೇನಲ್ರಿ."

ಎಂದಿನಿಂದ ಇಲ್ಲಿದ್ದೀರಿ ಎಂದು ಅವನು ಮಾಲಕನ ದನಿಯಲ್ಲಿಯೇ ಕೇಳಿದ. ಆ ದನಿಗೆ ಬೇರೆ ದಾರಿ ತಿಳಿಯಲಿಲ್ಲ. ಮುದುಕಿ ಹೇಳಿದಳು. ಅವಳ ಹೆಸರು ಪ್ಯಾರಿಬಿ, ಚಾಂದಪಾಶಾನ ತಾಯಿ. ಚೌಡಾಪುರದಲ್ಲಿ ಹಿರಿಮಗನ ಜೊತೆ ಇದ್ದಳು. ಹಿರಿಮಗ ತೀರಿಕೊಂಡ, ಸೊಸೆ ತವರಿಗೆ ಹೋದಳು, ಇವಳು ಕಣದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ದಸರೆಗೆ ಮುಂಚೆ ಜಗದೇವಪ್ಪನ ಮನೆಯವರು ಅಫಜಲಪುರಕ್ಕೆ ಮದುವೆಗೆಂದು ಮೂರು ದಿನ ಹೋಗಿದ್ದಾಗ ಮಗ ಅವಳನ್ನು ಬಂಡಿಯಲ್ಲಿ ತಂದು ಒಳಗಿಟ್ಟ. ಎರಡು ತಿಂಗಳ ಮೇಲಾಗಿತ್ತು.

"ಕೆಮ್ಮು ಬಂದ್ರ ಬಾಯಾಗ ಸೆರಗ ತುರಕೋತೇನ್ರಿ," ಎಂದಳು. "ಅಷ್ಟರಾಗೂ ನಿಮಗ ಕೇಳಿಸಿದ್ರ ಮಾಫ್ ಮಾಡ್ರಿ. ನನ್ನ ಮಗನ್ನ ಬಿಡಿಸಬ್ಯಾಡ್ರಿ. ನನ್ನ ಹೊತಗೊಂಡು ಅಂವ ಎಲ್ಲಿ ಹೋಗಬೇಕು?"

ಅವನಿಗೆ ಹೊರಟುಬಿಡಬೇಕೆನಿಸಿತು. ಆಗ ಅವಳು, ಒಂದು ಗುಟುಕು ನೀರು ಕೊಡುತ್ತೀರಾ, ಲೋಟಾ ದೂರ ಉರುಳಿದೆ ಎಂದಳು. ಗೌರಾಬಾಯಿ ಮೇಲಿಂದ ಸುರಿಯುತ್ತಿದ್ದ ಆ ಎರಡು ಕೊಡಗಳು ಮೂಲೆಯಲ್ಲಿದ್ದವು. ಅವನು ಒಂದು ಕ್ಷಣ ತಡೆದ. ತಾನು ತಡೆದದ್ದು ಮುದುಕಿಗೆ ಹೊದಿಕೆಯೊಳಗಿಂದಲೂ ತಿಳಿಯಿತೆಂದು ಅವನಿಗೆ ಅನಿಸಿತು. ಲೋಟಾ ಹೆಕ್ಕಿ, ನೀರು ತುಂಬಿ, ಮಂಚದ ಅಂಚಿಗೆ ಇಟ್ಟ. ಅವಳಿಂದ ಎತ್ತಲಾಗಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಅವನು ಅದನ್ನು ಹಿಡಿದ, ಅವಳು ಕುಡಿದಳು. ಅವಳ ಗಂಟಲು ನೀರು ನುಂಗುವ ಸಪ್ಪಳ ಬಿಟ್ಟರೆ ಕೋಣೆಯಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

ಪರದೆಯ ಹತ್ತಿರ ಬಂದು ಅವನು ನಿಂತ. "ನಾ ಇಲ್ಲಿ ಬಂದಿಲ್ಲ," ಎಂದ.

"ಹೌದ್ರಿ," ಎಂದಳು ಪ್ಯಾರಿಬಿ. "ನೀವು ಬಂದಿಲ್ಲ. ನಾನೂ ಇಲ್ಲಿಲ್ರಿ."

ಅವನು ಹೊರಗೆ ಬಂದು ಕೀಲಿ ಹಾಕಿದ. ಆ ಸಂಜೆ ಗೌರಾಬಾಯಿ ತೊಟ್ಟಿಲ ಮನೆಯಿಂದ ತಂದ ಗುಗ್ಗರಿಯನ್ನು ಅವನು ಮುಟ್ಟಲಿಲ್ಲ. ಗೋಡೆಯಾಚೆಯ ಪಡಸಾಲೆಯಲ್ಲಿ ಚಾಂದಪಾಶಾ ಜೋರಾಗಿ ಕೆಮ್ಮುವುದು ಕೇಳಿಸಿತು. ಅವನಿಗೇನೋ ದಮ್ಮಿದೆ ಎಂದು ಗೌರಾಬಾಯಿ ದಿನವೂ ಮರುಗುತ್ತಿದ್ದಳು. ತಾಯಿಯ ಕೆಮ್ಮಿನ ಮೇಲೆ ಮಗ ತನ್ನ ಕೆಮ್ಮನ್ನು ಹಾಕುತ್ತಿದ್ದಾನೆಂದು ಜಗದೇವಪ್ಪನಿಗೆ ಅಂದು ತಿಳಿಯಿತು. ತಿಳಿದ ಮೇಲೆ ಅದನ್ನು ಕೇಳಿಸಿಕೊಂಡು ಸುಮ್ಮನಿರುವುದೇ ಅವನ ದಿನಚರಿಯಾಯಿತು.

ದೊಡ್ಡಪ್ಪ ಮರುವಾರ ಬಂದಾಗ ಜಗದೇವಪ್ಪ ಮನೆ ಕೊಡುವುದಿಲ್ಲವೆಂದ. ಕೊಟ್ಟ ಮಾತು ಮುರಿಯುವ ಮನೆತನ ನಮ್ಮದಲ್ಲ ಎಂದೂ ಸೇರಿಸಿದ. ದೊಡ್ಡಪ್ಪ ಇದನ್ನು ನಾಕು ಜನರ ಮುಂದೆ ಆಡಿಕೊಂಡ. ಮಾತು ಕಚೇರಿಯವರೆಗೆ ಹೋಯಿತು. ಚಾಂದಪಾಶಾ ಒಂದು ಮುಂಜಾನೆ ಕಟ್ಟೆಯ ಹತ್ತಿರ ಬಂದು, ಎಡಗೈಯಿಂದ ಬಲ ಮೊಳಕೈ ಹಿಡಿದುಕೊಂಡು, ಎಲೆಯಲ್ಲಿ ಸುತ್ತಿದ ನಾಲ್ಕು ಪೇಡೆ ಮುಂದಿಟ್ಟ. ನಿಮ್ಮಂಥ ಮಾಲಕರು ಆಳಂದದಲ್ಲಿ ಇನ್ನೊಬ್ಬರಿಲ್ಲ ಎಂದ. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಹೌದುಹೌದೆಂದರು. ಜಗದೇವಪ್ಪ ಪೇಡೆಯನ್ನು ಬಾಯಿಗೆ ಹಾಕಿಕೊಂಡ. ಅದು ನಾಲಿಗೆಯ ಮೇಲೆ ಕರಗಲು ಬಹಳ ಹೊತ್ತು ಹಿಡಿಯಿತು.

ತಾನು ಮಾಡಬೇಕಾದದ್ದೇನೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ನಿಮ್ಮ ತಾಯಿ ಒಳಗಿದ್ದಾರೆ, ಇರಲಿ, ಬಾಗಿಲು ತೆಗೆಯಿರಿ, ಇಷ್ಟೇ ಮಾತು. ಆದರೆ ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ? ಕಾಯಿದೆ ಮುರಿದದ್ದು ಅವರು. ಪರದೆ ಎತ್ತಿದ್ದು ತಾನು. ತಕ್ಕಡಿಯಲ್ಲಿ ಹಾಕಿದರೆ ಯಾವುದು ಕೆಳಗೆ ಇಳಿಯುತ್ತದೆ ಎಂದು ಅವನಿಗೆ ಸಂಶಯವೇ ಇರಲಿಲ್ಲ. ಒಂದು ತಿಂಗಳು ಹೀಗೇ ಹೋಯಿತು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೊಡುವ ನೆಪದಲ್ಲಿ ಅವನು ಒಂದು ಅಡ್ಡದಾರಿ ಹಿಡಿದ.

"ಪಾಶಾ, ನಿಮ್ಮ ತಾಯಿ ಊರಾಗ ಅದಾರಂತಲ್ಲ," ಎಂದ, ಎಳ್ಳಿನ ತಟ್ಟೆಯನ್ನೇ ನೋಡುತ್ತ. "ವಯಸ್ಸಾದವರು. ಬೇಕಂದ್ರ ಕರಕೊಂಡು ಬರ್ರಿ. ನನ್ನ ಕಾಯಿದೆ ಹಿರಿಯರಿಗಲ್ಲ."

ಚಾಂದಪಾಶಾನ ಮುಖದ ರಕ್ತವೆಲ್ಲ ಇಳಿದುಹೋಯಿತು. ಇವರಿಗೆ ಸುಳಿವು ಸಿಕ್ಕಿದೆ, ಬಾಯಿ ಬಿಡಿಸಲು ಗಾಳ ಹಾಕುತ್ತಿದ್ದಾರೆ ಎಂದು ಅವನು ತಿಳಿದ. ಅದು ಅವನ ಕಣ್ಣಲ್ಲೇ ಕಾಣಿಸಿತು.

"ಇಲ್ರಿ, ಅಮ್ಮ ಚೌಡಾಪುರದಾಗ ಆರಾಮ ಅದಾರ್ರಿ," ಎಂದ. "ಅವರಿಗೆ ಇಲ್ಲಿ ಒಗ್ಗೂದಿಲ್ರಿ."

ಆ ಸುಳ್ಳು ಹೇಳುವಾಗ ಅವನ ದನಿ ಸಣ್ಣಗೆ ಮುರಿಯಿತು. ಸುಳ್ಳೆಂದು ಗೊತ್ತಿದ್ದೂ ಜಗದೇವಪ್ಪ ತಲೆದೂಗಿದ. ಒಬ್ಬ ಮಗನ ಬಾಯಿಂದ ತಾಯಿಯನ್ನು ಇಲ್ಲವೆನ್ನಿಸಿದೆ ಎಂದು ಅವನಿಗೆ ಹೊಳೆದದ್ದು ಮನೆಯೊಳಗೆ ಬಂದು ತಟ್ಟೆ ಇಟ್ಟ ಮೇಲೆ. ಅಂದಿನಿಂದ ಮಧ್ಯಾಹ್ನ ಖುರ್ಷಿದ ಬಾಗಿಲಿಗೆ ಕೀಲಿ ಹಾಕಿ ಎರಡರ ಬದಲು ಮೂರು ಸಲ ಜಗ್ಗಿ ನೋಡತೊಡಗಿದಳು. ಒಳಗೆ ಪ್ಯಾರಿಬಿಯ ಕೆಮ್ಮು ಇನ್ನೂ ಸಣ್ಣದಾಯಿತು.

ಮುಂಗಾರು ಬಂದಾಗ ಮಾಳಿಗೆಗಳು ಸೋರಿದವು. ಮೊದಲ ಮನೆಯಲ್ಲಿ ಕಲಾಯಿ ಮಾಡುವ ಗುಡುಸಾಬ ಇದ್ದ. ಅವನು ಒಲೆ ತೊಯ್ದಿತೆಂದು ಓಣಿ ಕೇಳುವಂತೆ ಕೂಗಾಡಿ ಅಂದೇ ಮಣ್ಣು ಹಾಕಿಸಿಕೊಂಡ. ಚಾಂದಪಾಶಾ ಮಾತ್ರ ತನ್ನಲ್ಲಿ ಒಂದು ಹನಿಯೂ ಸೋರುವುದಿಲ್ಲ ಎಂದ. ಆಳುಗಳು ಒಳಗೆ ಬಂದು ತೊಲೆ ನೋಡುವುದು ಅವನಿಗೆ ಬೇಕಿರಲಿಲ್ಲ. ಒಳಕೋಣೆಯ ಮೂಲೆಯಲ್ಲಿ, ಮಂಚದ ನೇರಕ್ಕೆ, ತೊಲೆಗುಂಟ ಕಪ್ಪು ಕಲೆ ಇಳಿದದ್ದನ್ನು ಜಗದೇವಪ್ಪ ಅಂದು ಒಳಗೆ ಹೋದಾಗ ಕಣ್ಣಾರೆ ಕಂಡಿದ್ದ. ಹೇಗೆ ಹೇಳುವುದು? ಐವತ್ತೈದರ ವಯಸ್ಸಿನಲ್ಲಿ ತಾನೇ ಏಣಿ ಹಾಕಿ ಮಾಳಿಗೆ ಹತ್ತಿದ. ಬಿಳಿ ಮಣ್ಣಿನ ಬುಟ್ಟಿಗಳನ್ನು ಹಗ್ಗದಿಂದ ಎಳೆದುಕೊಂಡು, ಆ ಮೂಲೆಗೆ ಹರಡಿ, ಮಂಡಿಯೂರಿ ಕೊರಡಿನಿಂದ ಬಡಿದ. ಮಾಲಕನಿಗೆ ಏನು ಹುಚ್ಚು ಹಿಡಿಯಿತು, ಸೋರದ ಮಾಳಿಗೆ ಬಡಿಯುತ್ತಿದ್ದಾನೆ ಎಂದು ಗುಡುಸಾಬ ಕೆಳಗಿನಿಂದ ನಕ್ಕ. ಬೆಳಕಿಂಡಿ ಎರಡು ಮೊಳ ದೂರದಲ್ಲಿತ್ತು. ಜಗದೇವಪ್ಪ ಅದರ ಕಡೆ ನೋಡದ ಹಾಗೆ ಬೆನ್ನು ಮಾಡಿ ಕೂತು ಕೆಲಸ ಮುಗಿಸಿದ. ಅದರಿಂದ ಅವನಿಗೆ ಸ್ವಲ್ಪ ಹಗುರಾಯಿತು. ಹಗುರಾಯಿತೆಂದೇ ಮತ್ತೆ ನಾಚಿಕೆಯಾಯಿತು; ನಾಕು ಬುಟ್ಟಿ ಮಣ್ಣಿಗೆ ಮುಗಿಯುವ ಸಂಗತಿಯೇ ಇದು?

ಶ್ರಾವಣದ ಎರಡನೆಯ ವಾರ, ಮುಂಜಾನೆಯ ಹೊತ್ತು, ಗೋಡೆಯಾಚೆಯಿಂದ ಖುರ್ಷಿದ ಅಳುವುದು ಕೇಳಿಸಿತು. ಗೌರಾಬಾಯಿ ಕೈಯ ಹಿಟ್ಟು ಕೊಡವಿ ಓಡಿದಳು. ಅವಳು ಆ ಹೊಸ್ತಿಲನ್ನು ದಾಟಿದ್ದು ಅದೇ ಮೊದಲು. ತಿರುಗಿ ಬಂದಾಗ ಅವಳ ಮುಖ ಸುಣ್ಣದ ಹಾಗಿತ್ತು. ಒಳಗೊಬ್ಬ ಹೆಂಗಸು ಸತ್ತಿದ್ದಾಳೆ, ಚಾಂದಪಾಶಾನ ತಾಯಿಯಂತೆ, ಹತ್ತು ತಿಂಗಳಿಂದ ಒಳಗೇ ಇದ್ದಳಂತೆ ಎಂದು ಗಂಡನಿಗೆ ಹೇಳಿದಳು. ಮೊದಲು ಅವಳಿಗೆ ಸಿಟ್ಟು ಬಂತು. ಎಷ್ಟು ನಂಬಿದ್ದೆವು ಎಂದಳು. ಆಮೇಲೆ ಬಾಗಿಲಲ್ಲೇ ಕೂತು ಅತ್ತಳು.

"ನಮ್ಮ ಗ್ವಾಡಿಗೆ ತಲಿ ಹಚ್ಚಿ ಮಲಗಿತ್ತು ಜೀವ," ಎಂದಳು. "ಒಂದು ದಿನ ಒಂದು ತುತ್ತು ಬಿಸಿದು ಕೊಡಲಿಲ್ಲಲ್ರಿ ನಾವು. ನಮಗ ಗೊತ್ತಿರಲಿಲ್ಲಲ್ರಿ."

ಆ 'ನಮಗೆ' ಎಂಬ ಮಾತಿನಿಂದ ತನ್ನನ್ನು ಬಿಡಿಸಿಕೊಳ್ಳಲು ಅವನ ಬಾಯಿ ಏಳಲಿಲ್ಲ.

ಗುಡುಸಾಬ ಮುಂದೆ ನಿಂತು ಎಲ್ಲ ಏರ್ಪಾಟು ಮಾಡಿದ. ಓಣಿಯವರೆಲ್ಲ ಕೂಡಿದರು. ಜನರ ನಡುವಿನಿಂದ ಚಾಂದಪಾಶಾ ನೇರ ಜಗದೇವಪ್ಪನ ಹತ್ತಿರ ಬಂದ, ಬಾಗಿ ಅವನ ಎರಡೂ ಕೈ ಹಿಡಿದ. ನಿಮಗೆ ಸುಳ್ಳು ಹೇಳಿದೆ, ನಿಮ್ಮ ಉಪ್ಪು ತಿಂದು ನಿಮಗೆ ಮೋಸ ಮಾಡಿದೆ, ಅಮ್ಮನನ್ನು ಮಣ್ಣು ಮಾಡುವ ಮೊದಲು ಮಾಫಿ ಕೊಡಬೇಕು ಎಂದ. ಎಲ್ಲರೂ ಜಗದೇವಪ್ಪನ ಮುಖ ನೋಡಿದರು. ಹೇಳಬೇಕಾದ ಜಾಗ ಅದೇ ಆಗಿತ್ತು. ಅವನು ಹೇಳಿದ್ದು ಮಾತ್ರ, "ಇರ್ಲಿ ಬಿಡ್ರಿ ಪಾಶಾ. ತಾಯಿ ಅಂದ್ರ ಎಲ್ಲಾರಿಗೂ ತಾಯಿನೇ."

ದೊಡ್ಡ ಮನಸ್ಸು ಎಂದು ಯಾರೋ ಅಂದರು. ಜನಾಜಾ ಎದ್ದಾಗ ಅವನು ಕಟ್ಟಕಡೆಗೆ, ತಲೆಗೆ ರುಮಾಲು ಸುತ್ತಿಕೊಂಡು, ಕಬರಸ್ತಾನದವರೆಗೂ ನಡೆದ. ಮಣ್ಣು ಹಾಕಲು ಕರೆದರು. ಅವನು ಹಿಂದೆ ಸರಿದು ನಿಂತ. ಪರಜಾತಿಯವನೆಂದು ಸಂಕೋಚಪಡುತ್ತಿದ್ದಾನೆಂದು ಅವರು ತಿಳಿದು ಒತ್ತಾಯ ಮಾಡಲಿಲ್ಲ.

ನಲವತ್ತನೆಯ ದಿನದ ಕಾರ್ಯ ಮುಗಿದ ಮಾರನೇ ದಿನ ಖುರ್ಷಿದಬೇಗಂ, ಗೌರಾಬಾಯಿ ಹುಗ್ಗಿ ಕಳಿಸಿದ್ದ ಪಾತ್ರೆಯನ್ನು ಬೆಳಗಿ ತಿರುಗಿ ತಂದಳು. ಗೌರಾಬಾಯಿ ಸಂತೆಗೆ ಹೋಗಿದ್ದಳು. ಪಾತ್ರೆಯನ್ನು ಹೊಸ್ತಿಲ ಹೊರಗೆ ಇಟ್ಟ ಮೇಲೂ ಅವಳು ಹೊರಡಲಿಲ್ಲ. ಮುಖದ ಮೇಲೆ ಬುರಖಾ ಇಳಿಬಿಟ್ಟಿತ್ತು. ಹದಿನೇಳು ತಿಂಗಳಲ್ಲಿ ಅವಳು ಜಗದೇವಪ್ಪನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ಅತ್ತಿ ನನಗ ಅವತ್ತೇ ಹೇಳಿದ್ರು," ಎಂದಳು.

ಅವನು ಕೂತಲ್ಲೇ ಇದ್ದ.

"ಲೋಟಾ ಮಂಚದ ಮ್ಯಾಲ ಇತ್ತು. ಅವರ ಕೈಲೆ ಆಗೂ ಕೆಲಸಲ್ಲ. ಕೇಳಿದೆ, ಹೇಳಿದ್ರು. ಮಗನ ಮುಂದ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ್ರು. ನೀವು ಒಳಗ ಬಂದದ್ದಕ್ಕ ನನಗ ಸಿಟ್ಟಿಲ್ಲ ಅಂತ ನಾ ಹೇಳೂದಿಲ್ಲ. ಅದು ಬ್ಯಾರೆ ಮಾತು. ಆದ್ರ ಎಂಟು ತಿಂಗಳು ನಿಮಗ ಗೊತ್ತಿತ್ತು. ಗೊತ್ತದ ಅಂತ ಒಂದು ಮಾತು ಅಂದಿದ್ರ ನಾನು ಆ ಬಾಗಲಾ ತೆಗೀತಿದ್ದೆ. ಥಂಡಿ ದಿನದಾಗ ಅಂಗಳದಾಗ ಬಿಸಲಿಗೆ ಕೂಡಸ್ತಿದ್ದೆ. ದಿನಾ ಬಿಸಲು ಕೇಳ್ತಿದ್ರು."

"ನಾ ಪಾಶಾಗ ಕೇಳಿದ್ದೆನಲ್ಲ ತಂಗಿ," ಎಂದ ಜಗದೇವಪ್ಪ. ತನ್ನ ದನಿ ತನಗೇ ಹೊಲಸೆನಿಸಿತು.

"ಕೇಳಿದ್ರಿ," ಎಂದಳು ಅವಳು. "ಗೊತ್ತಿಲ್ಲದವರಂಗ ಕೇಳಿದ್ರಿ."

ತಾನೂ ಆಣೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದೆ ಎಂದು ಒಪ್ಪಿಕೊಂಡಳು. ಅದು ತನ್ನ ಪಾಪ, ಅದನ್ನು ತಾನೇ ಹೊರುತ್ತೇನೆ ಎಂದಳು. ದನಿ ಏರಲಿಲ್ಲ. ಇದನ್ನು ಯಾರ ಮುಂದೆಯೂ ಹೇಳುವುದಿಲ್ಲ, ಆದರೆ ನಿಮ್ಮ ಮುಂದೆಯೂ ಹೇಳದೆ ಇರಲು ತನ್ನಿಂದ ಆಗಲಿಲ್ಲ ಎಂದು ಹೇಳಿ ಹೋದಳು. ಬಿಸಿಲು ಅಂಗಳದ ತುಂಬ ಬಿದ್ದಿತ್ತು. ಜಗದೇವಪ್ಪ ಅದನ್ನು ನೋಡುತ್ತ ಕೂತ. ಆ ಎಂಟು ತಿಂಗಳು ಪ್ರತಿ ಮುಂಜಾನೆ ಈ ಹೆಂಗಸು ಕೊಡ ಹಿಡಿದು ಇದೇ ಅಂಗಳಕ್ಕೆ ಬಂದಿದ್ದಳು. ತಾನು ಕಟ್ಟೆಯ ಮೇಲೆ ಕೂತು ನೀರು ಸಾಕೇನಮ್ಮಾ ಎಂದು ಹಿರಿತನದಿಂದ ಕೇಳಿದ್ದ. ಸಾಕೆಂದು ಅವಳು ತಲೆಯಾಡಿಸಿದ್ದಳು.

ಮಾರನೆಯ ದಿನ ಚಾಂದಪಾಶಾ ಕಚೇರಿಗೆ ಹೊರಟಾಗ ಜಗದೇವಪ್ಪ ಅವನ ಜೊತೆ ಹೆಜ್ಜೆ ಹಾಕಿದ. ಓಣಿಯ ತುದಿಯ ಬೇವಿನ ಗಿಡದವರೆಗೆ ನಡೆದರು. ಅಲ್ಲಿ ನಿಂತು ಎಲ್ಲವನ್ನೂ ಹೇಳಿದ. ಪಾತ್ರೆಯ ಸಪ್ಪಳ, ದೊಡ್ಡಪ್ಪನ ಆಸೆ, ತನ್ನ ಬಳಿಯ ಎರಡನೆಯ ಕೀಲಿಕೈ, ಪರದೆ, ನೀರು. ಖುರ್ಷಿದಳ ಹೆಸರನ್ನು ಮಾತ್ರ ಎತ್ತಲಿಲ್ಲ. ಚಾಂದಪಾಶಾ ಬಗಲಲ್ಲಿ ಕಾಗದದ ಗಂಟು ಇಟ್ಟುಕೊಂಡು ನೆಲ ನೋಡುತ್ತ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಜಗದೇವಪ್ಪನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಎಲ್ಲ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಮಾತು.

"ಅಮ್ಮನ ತಲಿ ಮ್ಯಾಲ ಸೆರಗಿತ್ತೇನ್ರಿ?"

"ಇತ್ತು," ಎಂದ ಜಗದೇವಪ್ಪ.

ಚಾಂದಪಾಶಾ ತಲೆಯಾಡಿಸಿ ಕಚೇರಿಗೆ ಹೋದ.

ಆ ಸುಳ್ಳನ್ನು ಅವನಿಗಾಗಿ ಹೇಳಿದೆನೋ ತನಗಾಗಿ ಹೇಳಿಕೊಂಡೆನೋ, ಜಗದೇವಪ್ಪನಿಗೆ ಬದುಕಿರುವವರೆಗೂ ತೀರ್ಮಾನ ಮಾಡಲಾಗಲಿಲ್ಲ. ಸತ್ಯ ಹೇಳಿಬಿಡಬೇಕೆಂದೇ ಹೋದವನು, ಕಟ್ಟಕಡೆಯ ಮಾತಿಗೆ ಬಂದಾಗ ಮತ್ತೆ ಸುಳ್ಳಿಗೇ ಬಿದ್ದಿದ್ದ.

ತಿಂಗಳು ತುಂಬುವ ಮೊದಲು ಚಾಂದಪಾಶಾ ಊರಿನ ಇನ್ನೊಂದು ತುದಿಯಲ್ಲಿ ಮನೆ ಹಿಡಿದ. ಹೋಗುವ ದಿನ ನೆಲ ಸಾರಿಸಿ, ಒಲೆಗೆ ಕೆಮ್ಮಣ್ಣು ಬಳಿದು, ಕೀಲಿಕೈಯನ್ನು ಗೌರಾಬಾಯಿಯ ಕೈಗೆ ಕೊಟ್ಟರು. ಖುರ್ಷಿದ ಗೌರಾಬಾಯಿಯನ್ನು ಅಕ್ಕಾ ಎಂದು ಕರೆದು ಅತ್ತಳು. ಚಾಂದಪಾಶಾ ಜಗದೇವಪ್ಪನಿಗೆ ಕೈಯೆತ್ತಿ ಸಲಾಂ ಮಾಡಿ ಹೊರಟ. ಇಷ್ಟು ಒಳ್ಳೆಯ ಮಂದಿ ಯಾಕೆ ಬಿಟ್ಟು ಹೋದರು ಎಂದು ಗೌರಾಬಾಯಿ ದಿನಗಟ್ಟಲೆ ಕೇಳಿದಳು. ಕೊನೆಗೊಂದು ದಿನ ಊಟಕ್ಕೆ ಕೂತಾಗ ಅವನು ಹೇಳಿದ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆ ಎದ್ದರೂ ತೆಗೆಯಲಿಲ್ಲ. ಆಮೇಲೆ ಹದಿನೈದು ದಿನ ಅವನಿಗೆ ಬಡಿಸಿದಳು, ಹಾಸಿಗೆ ಹಾಸಿದಳು, ಒಂದು ಮಾತೂ ಆಡಲಿಲ್ಲ. ಆಡಿದಾಗ ಹೇಳಿದ್ದು, "ನಾ ಮ್ಯಾಲಿಂದ ನೀರು ಸುರಿದೆ. ನೀವು ಒಳಗ ಹೋಗಿ ಕುಡಿಸಿ ಬಂದು ಮಾತಾಡಲಿಲ್ಲ. ಯಾರ ತಪ್ಪು ಹೆಚ್ಚು ಅಂತ ನಾ ಎಣಸಾಕತ್ತೇನಿ," ಎಂದು.

ಆ ಮನೆ ದೀಪಾವಳಿಯವರೆಗೆ ಖಾಲಿ ಇತ್ತು. ದೊಡ್ಡಪ್ಪ ಮತ್ತೆ ಬಂದ, ಜಗದೇವಪ್ಪ ಕೊಡಲಿಲ್ಲ. ಆಮೇಲೆ ಗಾಣಗಾಪುರದ ಕಡೆಯ ಒಬ್ಬ ಬಳೆಗಾರ ಬಂದು ಕೇಳಿದಾಗ ಎಷ್ಟು ಜನ ಎಂದು ಅವನು ಕೇಳಲೇ ಇಲ್ಲ. ಬಂದವರು ಒಂಬತ್ತು ಜನ, ಅವರಲ್ಲಿ ಇಬ್ಬರು ಮುದುಕಿಯರು. ಬಾವಿಯ ಹಗ್ಗ ವರ್ಷಕ್ಕೆರಡು ಸಲ ಹರಿಯಿತು. ಬಚ್ಚಲು ಮತ್ತೆ ಕುಸಿಯಿತು, ಅವನು ಮತ್ತೆ ಕಟ್ಟಿಸಿದ. ಮುದುಕಿಯರು ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುವ ಜಾಗಕ್ಕಾಗಿ ಗೌರಾಬಾಯಿಯ ಜೊತೆ ಗಂಟಲು ಹರಿಯುವಂತೆ ಜಗಳಾಡುತ್ತಿದ್ದರು. ಕೀಲಿಕೈ ಜಗದೇವಪ್ಪನಿಗೆ ಈಗ ಕಾಯಿದೆಯೇ ಇಲ್ಲ, ಮುದುಕನಾಗಿ ಮೆತ್ತಗಾದ, ದೇವರಂಥ ಮನುಷ್ಯ ಎಂದು ಕಟ್ಟೆಯ ಮೇಲೆ ಕೂತವರು ಅನ್ನುತ್ತಿದ್ದರು. ಆ ಮಾತು ಬಂದಾಗಲೆಲ್ಲ ಅವನು ಹೆಗಲಿಗೆ ವಲ್ಲಿ ಹಾಕಿಕೊಂಡು, ಹೊಲದ ಕಡೆ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದ.